ಕೋಟು ತೊಟ್ಟ ಕೋವಿಗಾರ

ಎಲ್ಕ್‌ಬೋನ್ ಊರಿನಲ್ಲಿ ಗಂಡಸಾಗಿ ಹುಟ್ಟಿಯೂ ಗುರಿಯಿಡಲು ಬಾರದವನು ಒಬ್ಬನೇ ಒಬ್ಬನಿದ್ದ. ಮೊಂಟಾನಾ ಸೀಮೆಯ ಆ ಊರಿನಲ್ಲಿ ಪಾದ್ರಿಗೆ ಗುರಿ ಬರುತ್ತದೆ, ಹಲ್ಲಿನ ಡಾಕ್ಟರಿಗೆ ಬರುತ್ತದೆ, ಎಂಬತ್ತು ದಾಟಿದ ಮುದುಕಿಯರು ಅಡುಗೆಮನೆ ಬಾಗಿಲಲ್ಲೇ ನಿಂತು ಕೋಳಿ ಕದಿಯಲು ಬಂದ ನರಿಯನ್ನು ಉರುಳಿಸಿ, ಒಲೆಯ ಮೇಲಿನ ಸಾರು ಉಕ್ಕುವುದರೊಳಗೆ ಒಳಗೆ ಬರುತ್ತಾರೆ. ಡೆಲ್ಬರ್ಟ್ ಹಾಗೆನ್‌ಗೆ ಮಾತ್ರ ಆ ವಿದ್ಯೆ ಒಲಿಯಲಿಲ್ಲ. ಅವನು ದನದ ಮೇವು, ಕೋಳಿ ಕಾಳು, ಉಪ್ಪಿನ ಗಡ್ಡೆ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಇಪ್ಪತ್ತೈದು ವರ್ಷಗಳ ಬೇಟೆಯಲ್ಲಿ ಅವನ ಲೆಕ್ಕಕ್ಕೆ ಬಿದ್ದದ್ದು ಒಂದೇ ಜಿಂಕೆ. ಅದೂ ತಾನಾಗಿಯೇ ಓಡಿ ಬಂದು ಅವನ ಪಿಕಪ್ ಗಾಡಿಗೆ ಡಿಕ್ಕಿ ಹೊಡೆದು ಸತ್ತದ್ದು. ಇನ್ನೊಮ್ಮೆ ಕಾಡುಕೋಳಿಗೆ ಇಟ್ಟ ಗುರಿ ಅದೇ ಗಾಡಿಯ ಕನ್ನಡಿಗೆ ತಾಗಿತ್ತು. ಕೋಳಿ ಗಾಡಿಯ ಮೇಲೆ ಕೂತಿತ್ತೇ ಎಂದು ಕೇಳಬೇಡಿ. ಗಾಡಿ ಅವನ ಬೆನ್ನ ಹಿಂದೆ ಇತ್ತು.

ಇಷ್ಟಾದರೂ ಡೆಲ್ಬರ್ಟ್ ನೆಮ್ಮದಿಯಾಗಿ ಇದ್ದುಬಿಡುತ್ತಿದ್ದ, ಆ ಮೇಜು ಒಂದು ಇಲ್ಲದಿದ್ದರೆ.

ಮೇಜಿನ ಕಥೆ ಹೀಗೆ. ಅವನ ಹೆಂಡತಿ ಮೇವಿಸ್‌ಗೆ ವೆಂಡೆಲ್ ಎಂಬ ಅಣ್ಣ. ಆರಡಿ ನಾಲ್ಕಂಗುಲದ ಆಳು, ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥ, ಊರಿನ ಗುರಿಕಾರರ ತಂಡಕ್ಕೆ ನಾಯಕ. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ಪ್ರತಿ ವರ್ಷ ಅವನ ಮನೆಯಲ್ಲೇ. ಅಲ್ಲಿ ಓಕ್ ಮರದ ದೊಡ್ಡ ಮೇಜಿಗೆ ಹನ್ನೆರಡು ಕುರ್ಚಿ. ಪಕ್ಕದಲ್ಲಿ ಮಕ್ಕಳಿಗೆಂದು ಮಡಚುವ ಕುಳ್ಳು ಮೇಜು. ಮದುವೆಯಾದ ಮೊದಲ ವರ್ಷ ಡೆಲ್ಬರ್ಟ್ ಹದಿಮೂರನೆಯವನಾದ್ದರಿಂದ ‘ಇವತ್ತೊಂದಿನ ಇಲ್ಲಿ ಅಡ್ಜಸ್ಟ್ ಮಾಡ್ಕೋ’ ಎಂದು ಅವನನ್ನು ಮಕ್ಕಳ ಮೇಜಿಗೆ ಕೂರಿಸಿದ್ದರು. ಆ ಇವತ್ತೊಂದಿನಕ್ಕೆ ಈಗ ಹದಿನೆಂಟು ವರ್ಷ. ಅವನ ಪಕ್ಕ ಕೂತು ಬಟಾಣಿ ಚೆಲ್ಲುತ್ತಿದ್ದ ವೆಂಡೆಲನ ಮಗ ಬೆಳೆದು, ಮೀಸೆ ಬಂದು, ದೊಡ್ಡ ಮೇಜಿಗೆ ಬಡ್ತಿ ಪಡೆದು, ಅಲ್ಲಿಂದಲೇ ಬಗ್ಗಿ ನೋಡಿ, “ಡೆಲ್ಬರ್ಟ್ ಅಂಕಲ್, ಉಪ್ಪು ಬೇಕಾ?” ಎಂದು ಕೇಳುವ ಮಟ್ಟಕ್ಕೆ ಬಂದಿದ್ದ. ಡೆಲ್ಬರ್ಟ್ ಮಾತ್ರ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಅಲ್ಲೇ ಕೂತಿದ್ದ.

ಯಾರಾದರೂ ಪಾಪ ಎಂದರೆ ವೆಂಡೆಲ್ ಎದೆ ಸೆಟೆಸಿ ಹೇಳುತ್ತಿದ್ದ: “ಇದು ನಮ್ಮಪ್ಪನ ಕಾಲದ ಕಾನೂನು. ನಮ್ಮನೆ ಗಂಡಸರ ಪೈಕಿ ಕೋಣಕ್ಕೆ ಹೊಡೆದೋನಿಗೆ ದೊಡ್ಡ ಮೇಜು, ತಪ್ಪಿಸಿದೋನಿಗೆ ಚಿಕ್ಕ ಮೇಜು. ನಾನೇ ಆದ್ರೂ ಅಷ್ಟೇ!”

ಕೋಣ ಎಂದರೆ ಕಬ್ಬಿಣದ ಕೋಣ. ಪ್ರತಿ ಜೂನ್‌ನಲ್ಲಿ ಎಲ್ಕ್‌ಬೋನ್‌ಗೂ ಪಕ್ಕದ ಡ್ರೈಫೋರ್ಕ್ ಊರಿಗೂ ಪಂದ್ಯ. ಎಂಟುನೂರು ಗಜ ದೂರದ ದಿಬ್ಬದ ಮೇಲೆ ಕಾಡುಕೋಣದ ಆಕಾರಕ್ಕೆ ಕತ್ತರಿಸಿದ ದಪ್ಪ ತಗಡು ನಿಲ್ಲಿಸಿರುತ್ತಾರೆ. ಮುತ್ತಜ್ಜಂದಿರ ಕಾಲದ ಮಾದರಿಯ, ಒಂದೇ ಗುಂಡಿನ ಕೋವಿಯಿಂದ ಅದಕ್ಕೆ ಹೊಡೆಯಬೇಕು. ಒಂದು ತೋಟೆ ತುಂಬು, ಒಂದು ಹೊಡೆ, ಮತ್ತೆ ತುಂಬು. ದುರ್ಬೀನು ಇಲ್ಲ, ಯಂತ್ರ ಇಲ್ಲ, ಹೊಗೆ ಬೇಕಾದಷ್ಟು. ಗೆದ್ದ ಊರಿನ ಅಗ್ನಿಶಾಮಕ ಠಾಣೆಯ ಮುಂದೆ ಒಂದು ವರ್ಷ ಕಬ್ಬಿಣದ ಕರು ನಿಲ್ಲುತ್ತದೆ. ಒಂಬತ್ತು ವರ್ಷದಿಂದ ಆ ಕರು ಡ್ರೈಫೋರ್ಕ್‌ನಲ್ಲೇ ನಿಂತಿತ್ತು. ಅವರು ಅದಕ್ಕೆ ಕ್ರಿಸ್‌ಮಸ್‌ಗೆ ಟೋಪಿ ಬೇರೆ ಹಾಕುತ್ತಿದ್ದರು.

ಒಂದು ಫೆಬ್ರವರಿ ಬೆಳಿಗ್ಗೆ ಊರಿನ ಕಾಫಿ ಅಂಗಡಿಯಲ್ಲಿ ವೆಂಡೆಲ್ ಕನ್ನಡಿಯ ಕಥೆಯನ್ನು ನೂರನೆಯ ಸಲ ಹೇಳಿದ. ಜನ ನೂರನೆಯ ಸಲ ನಕ್ಕರು. ಡೆಲ್ಬರ್ಟ್‌ನ ಬಾಯಿಂದ ಅವನಿಗೇ ಗೊತ್ತಿಲ್ಲದೆ ಒಂದು ಮಾತು ಹೊರಬಿತ್ತು.

“ನಗ್ರಿ, ನಗ್ರಿ. ನಾನು ಆನ್ಸೆಲ್ ಹತ್ರ ಕೋವಿ ಮಾಡಿಸ್ತಾ ಇದ್ದೀನಿ.”

ಕಾಫಿ ಲೋಟಗಳು ಬಾಯಿಂದ ಮೇಜಿಗೆ ಇಳಿದವು. ಆನ್ಸೆಲ್ ಎಂದರೆ ತೊಂಬತ್ತು ಮೈಲಿ ಆಚೆ, ನದಿ ದಂಡೆಯ ಒಂದು ಕೊಟ್ಟಿಗೆಯಲ್ಲಿ ಕೋವಿ ಮಾಡುವ ಮುದುಕ. ವರ್ಷಕ್ಕೆ ಹತ್ತು ಕೋವಿ, ಹನ್ನೊಂದನೆಯದು ಇಲ್ಲ. ಪ್ರತಿಯೊಂದೂ ಕೊಳ್ಳುವವನ ತೋಳು, ಕತ್ತು, ಕೆನ್ನೆಯ ಅಳತೆಗೆ. ಅವನ ಪಟ್ಟಿಗೆ ಹೆಸರು ಬರೆಸಿದವರು ಎರಡು ಮೂರು ವರ್ಷ ಕಾಯುತ್ತಾರೆ. ಮುಖ ಹಿಡಿಸದಿದ್ದರೆ ಸೆನೆಟರನನ್ನೂ ಅವನು ಬಾಗಿಲಿಂದಲೇ ಅಟ್ಟುತ್ತಾನೆ ಎಂದು ಪ್ರತೀತಿ.

“ನೀನಾ?” ಎಂದ ವೆಂಡೆಲ್.

“ನಾನೇ,” ಎಂದ ಡೆಲ್ಬರ್ಟ್. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆ ದಿನ ಸಂಜೆ ಮೇವಿಸ್ ಎಲ್ಲ ಕೇಳಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. ದೋಣಿ ಕೊಳ್ಳಲೆಂದು ಹದಿನಾಲ್ಕು ವರ್ಷದಿಂದ ಕೂಡಿಟ್ಟ ಹಣ ಇತ್ತು.

“ನಿನಗೆ ನಿಜವಾಗ್ಲೂ ಬೇಕಾ ಆ ಕೋವಿ?”

ಡೆಲ್ಬರ್ಟ್ ಯೋಚಿಸಿದ. ಸುಳ್ಳಾಗಿ ಶುರುವಾದದ್ದು ಎದೆಯೊಳಗೆ ನಿಜವಾಗಿ ಕುಣಿಯುತ್ತಿತ್ತು. “ಬೇಕು ಮೇವಿಸ್. ತುಂಬಾ ಬೇಕು.”

“ಹಾಗಾದ್ರೆ ಹೋಗಿ ಬಾ. ದೋಣೀಲೂ ನೀನೇನು ಮೀನು ಹಿಡೀತಿರಲಿಲ್ಲ.”

ಮಾರ್ಚ್ ಮೊದಲ ವಾರ, ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿನ ಚಳಿಯಲ್ಲಿ, ಒಳಗೆ ಕುರಿತುಪ್ಪಳದ ಅಸ್ತರು ಹಾಕಿದ ತನ್ನ ಕಂದು ಕ್ಯಾನ್ವಾಸ್ ಕೋಟು ತೊಟ್ಟು ಡೆಲ್ಬರ್ಟ್ ಆನ್ಸೆಲ್‌ನ ಕೊಟ್ಟಿಗೆಗೆ ಹೋದ. ಬಾಗಿಲ ಹೊರಗೆ ನಿಂತು, ಒಳಗೆ ಅಚ್ಚುಕಟ್ಟಾಗಿ ಕಾಣಲೆಂದು ಕೋಟು ಬಿಚ್ಚಲು ನೋಡಿದ. ಜಿಪ್ಪು ಕತ್ತಿನ ಕೆಳಗೆ ಶಾಲಿನ ಅಂಚನ್ನು ಕಚ್ಚಿಕೊಂಡು ಕೂತುಬಿಟ್ಟಿತು. ಮೇಲೆ ಎಳೆದ, ಕೆಳಗೆ ಎಳೆದ. ಹಲ್ಲಲ್ಲಿ ಕಚ್ಚಲು ನೋಡಿದ, ಬಾಯಿ ಅಲ್ಲಿಗೆ ಎಟುಕಲಿಲ್ಲ. ಕಾಲು ಗಂಟೆ ಹೋರಾಡಿ, ಶಾಲನ್ನು ಹರಿದು ತೆಗೆದು, ಜಿಪ್ಪಿಗೆ ಶರಣಾಗಿ ಒಳಗೆ ಹೋದ.

ಒಲೆಯ ಪಕ್ಕ ಇನ್ನೊಬ್ಬ ಗಿರಾಕಿ ಕೂತಿದ್ದ. ನೋಡಿದರೆ ಡ್ರೈಫೋರ್ಕ್ ತಂಡದ ನಾಯಕ ಹೋಬಾರ್ಟ್!

ಆನ್ಸೆಲ್ ಎಂಬತ್ತರ ಸಣಕಲು ಮುದುಕ. ಮಾತು ಅವನ ಬಾಯಿಂದ ಹೊರಗೆ ಬರಬೇಕಾದರೆ ರಜಾಚೀಟಿ ಬರೆಯಬೇಕು. ಆದರೆ ಅವನು ತೋರಿಸಿದ ಮಾದರಿ ಕೋವಿ ನೋಡಿ ಡೆಲ್ಬರ್ಟ್‌ಗೆ ಕಣ್ಣು ಕತ್ತಲೆ ಬಂತು. ಎಂಟು ಪಟ್ಟಿಯ ಉದ್ದನೆಯ ನಳಿಗೆ. ಜೇನಿನ ಬಣ್ಣದ ವಾಲ್‌ನಟ್ ಮರ. ಬೆರಳಲ್ಲಿ ಎಳೆಯುವ ಕುದುರೆಯ ಕೆಳಗಿನ ಸನ್ನೆಯನ್ನು ಕೆಳಕ್ಕೆ ಒತ್ತಿದರೆ ನಳಿಗೆಯ ಹಿಂದಿನ ಉಕ್ಕಿನ ದಿಮ್ಮಿ ಬೆಣ್ಣೆಯಲ್ಲಿ ಚಾಕು ಇಳಿದಂತೆ ಕೆಳಗೆ ಜಾರಿ ಬಾಯಿ ತೆರೆಯುತ್ತದೆ. ತೋಟೆ ಇಟ್ಟು ಸನ್ನೆ ಮೇಲೆತ್ತಿದರೆ ದಿಮ್ಮಿ ಏರಿ, ಕ್ಲಕ್ ಎಂದು ಬಾಯಿ ಮುಚ್ಚುತ್ತದೆ. ಡೆಲ್ಬರ್ಟ್ ಹನ್ನೊಂದು ಸಲ ಕ್ಲಕ್ ಅನ್ನಿಸಿದ. ಹನ್ನೆರಡನೆಯದಕ್ಕೆ ಮುದುಕ ಕೋವಿ ಕಿತ್ತುಕೊಂಡ.

“ಅಳತೆ ತಗೋಬೇಕು. ಕೋಟು ತೆಗಿ.”

ಇಲ್ಲಿ ‘ಜಿಪ್ಪು ಸಿಕ್ಕಿಕೊಂಡಿದೆ ಸಾರ್’ ಎಂದು ಮೂರು ಪದ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹೋಬಾರ್ಟ್ ಒಲೆಯ ಪಕ್ಕದಿಂದ ನೋಡುತ್ತಿದ್ದ. ವೈರಿ ಊರಿನವನ ಮುಂದೆ ಜಿಪ್ಪಿಗೆ ಸೋತವನು ಅನ್ನಿಸಿಕೊಳ್ಳುವುದೇ?

“ನಾನು ಕೋಟು ಹಾಕ್ಕೊಂಡೇ ಹೊಡೆಯೋದು ಸಾರ್,” ಎಂದ ಡೆಲ್ಬರ್ಟ್.

ಆನ್ಸೆಲ್ ಕನ್ನಡಕದ ಮೇಲಿಂದ ನೋಡಿದ. “ಬೇಸಿಗೇಲೂ?”

“ಬೇಸಿಗೇಲೂ.”

“ಜೂನ್‌ನಲ್ಲೂ?” ಎಂದ ಹೋಬಾರ್ಟ್, ಕೂತಲ್ಲಿಂದ ಅರ್ಧ ಎದ್ದು.

“ಜೂನ್‌ನಲ್ಲಿ ಮುಖ್ಯವಾಗಿ,” ಎಂದ ಡೆಲ್ಬರ್ಟ್.

ಮುದುಕ ತೋಳಿನ ಮಡಿಕೆಯಿಂದ ತೋರುಬೆರಳಿನವರೆಗೆ ಅಳೆದ. ಕತ್ತು ಅಳೆದ, ಕೆನ್ನೆಯ ಮೂಳೆ ಅಳೆದ. ಕೊನೆಗೆ ಕೋಟಿನ ಭುಜವನ್ನು ಎರಡು ಬೆರಳಲ್ಲಿ ಹಿಡಿದು, ಅರಿವೆ ಅಂಗಡಿಯಲ್ಲಿ ಬಟ್ಟೆ ನೋಡುವವರಂತೆ ಹಿಸುಕಿ ನೋಡಿ, ಪುಸ್ತಕದಲ್ಲಿ ಏನೋ ಗೀಚಿದ. “ಎರಡು ವರ್ಷ,” ಎಂದ. ಮುಗಿಯಿತು. ಡೆಲ್ಬರ್ಟ್ ತೊಂಬತ್ತು ಮೈಲಿಯುದ್ದಕ್ಕೂ ಹಾಡು ಹೇಳುತ್ತಾ ಬಂದ. ಮನೆಯಲ್ಲಿ ಮೇವಿಸ್ ಬೆಣ್ಣೆ ಹಚ್ಚಿ ಜಿಪ್ಪು ಬಿಡಿಸಿದಳು.

ಅವನು ಮನೆ ಸೇರುವ ಮೊದಲೇ ಸುದ್ದಿ ಡ್ರೈಫೋರ್ಕ್ ಸೇರಿತ್ತು. ಇಲಿ ಎಂದದ್ದು ಹುಲಿಯಾಗಲು ನಮ್ಮ ಸೀಮೆಯಲ್ಲಿ ಒಂದು ಕಪ್ ಕಾಫಿಯಷ್ಟು ಹೊತ್ತು ಸಾಕು. ಹೋಬಾರ್ಟ್ ಹೇಳಿದ್ದು ‘ಎಲ್ಕ್‌ಬೋನಿನವನೊಬ್ಬ ಕೋಟು ತೊಟ್ಟು ಹೊಡೆಯುತ್ತಾನಂತೆ’ ಎಂದು. ವಾರ ಕಳೆಯುವಷ್ಟರಲ್ಲಿ ಅದು ‘ಹಳೇ ಕಾಲದ ಬೇಟೆಗಾರರ ಗುಟ್ಟು ಅವನಿಗೆ ಗೊತ್ತಂತೆ’ ಎಂದಾಯಿತು. ಏಪ್ರಿಲ್‌ನಲ್ಲಿ ಹಲ್ಲಿನ ಡಾಕ್ಟರು, ಕೋಟಿನ ತೂಕದಿಂದ ಎದೆಬಡಿತ ನಿಧಾನವಾಗಿ ಕೈ ನಡುಗುವುದಿಲ್ಲ ಎಂದು ರೋಗಿಗಳ ಬಾಯಲ್ಲಿ ಕೈಯಿಟ್ಟುಕೊಂಡೇ ವಿವರಿಸಿದರು. ರೋಗಿಗಳು ಎದುರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಪಾದ್ರಿಗಳು ಭಾನುವಾರದ ಪ್ರವಚನದಲ್ಲಿ, ತಮ್ಮ ಬೆಳಕನ್ನು ಬುಟ್ಟಿಯ ಕೆಳಗೆ ಬಚ್ಚಿಟ್ಟುಕೊಳ್ಳುವ ವಿನಯವಂತರ ಬಗ್ಗೆ ಮಾತಾಡಿ ಮೂರನೆಯ ಸಾಲಿನ ಕಡೆ ನೋಡಿದರು. ಮೂರನೆಯ ಸಾಲಿನಲ್ಲಿ ಡೆಲ್ಬರ್ಟ್ ಹಿಂದೆ ತಿರುಗಿ ಯಾರೆಂದು ಹುಡುಕಿದ.

“ಆ ಕನ್ನಡಿ ಇದ್ಯಲ್ಲ,” ಎಂದ ವೆಂಡೆಲ್ ಕಾಫಿ ಅಂಗಡಿಯಲ್ಲಿ, ದನಿ ತಗ್ಗಿಸಿ. “ಬೆನ್ನ ಹಿಂದಿನ ಗಾಡೀದು, ಮುಂದಕ್ಕೆ ಹೊಡೆದು, ಅದಕ್ಕೆ ತಾಗಿಸಬೇಕು ಅಂದ್ರೆ ಎಂಥಾ ಕೈ ಬೇಕು, ಯೋಚನೆ ಮಾಡ್ರೋ!”

ನವೆಂಬರ್ ಹಬ್ಬಕ್ಕೆ ಡೆಲ್ಬರ್ಟ್ ಅಭ್ಯಾಸ ಬಲದಿಂದ ಕುಳ್ಳು ಮೇಜಿನತ್ತ ಬಗ್ಗಿದ. ವೆಂಡೆಲ್ ಅವನ ರಟ್ಟೆ ಹಿಡಿದು ಎತ್ತಿದ.

“ಎಲ್ಲಿಗೆ ಮಾರಾಯಾ? ಇಲ್ಲಿ ಬಾ, ಟರ್ಕಿ ಕೋಳಿ ಪಕ್ಕದಲ್ಲಿ ಕೂತ್ಕೋ.” ವೆಂಡೆಲ್‌ನ ಮಗನನ್ನು ಎಬ್ಬಿಸಿ ಚಿಕ್ಕ ಮೇಜಿಗೆ ಅಟ್ಟಿದರು. ಡೆಲ್ಬರ್ಟ್‌ನ ಅತ್ತೆ, ಎಂಬತ್ತೆರಡರ ಅಜ್ಜಿ, ಹುಬ್ಬು ಹಾರಿಸಿ, “ಕೋಣಕ್ಕೆ ಇನ್ನೂ ಹೊಡೆದಿಲ್ವಲ್ಲೋ?” ಎಂದಳು.

“ಹೊಡೀತಾನೆ ಬಿಡಮ್ಮ. ಕೋವಿ ಬರ್ಲಿ, ತಂಡಕ್ಕೆ ಸೇರಿಸ್ಕೋತೀನಿ. ಇದು ಮುಂಗಡ. ತಪ್ಪಿಸಿದ್ರೆ ಸಾಯೋವರೆಗೂ ಚಿಕ್ಕ ಮೇಜು, ಅಲ್ವೇನೋ ಡೆಲ್ಬರ್ಟ್?” ಎಂದು ವೆಂಡೆಲ್ ಬೆನ್ನಿಗೆ ಗುದ್ದಿ ನಕ್ಕ. ಡೆಲ್ಬರ್ಟ್ ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಕಾಲು ಚಾಚಿ ಉಂಡ. ಎದುರಿಗೆ ಕೂತ ಮೇವಿಸ್‌ಳ ಮುಖ ಅರಳಿತ್ತು. ಆ ಮುಖ ನೋಡಿದ ಮೇಲೆ ಜಿಪ್ಪಿನ ವಿಷಯ ಬಾಯಿ ಬಿಡುವುದು ಅವನಿಂದಾಗಲಿಲ್ಲ. ಅವಳಿಗೆ ಗೊತ್ತಿತ್ತು, ಅವಳೂ ಬಿಡಲಿಲ್ಲ.

ಎರಡು ವರ್ಷ, ಮೂರು ತಿಂಗಳು. ಜೂನ್ ಮೊದಲ ವಾರ ಆನ್ಸೆಲ್‌ನಿಂದ ಫೋನು ಬಂತು. “ಆಗಿದೆ,” ಎಂದು ಒಂದು ಪದ ಹೇಳಿ ಇಟ್ಟ. ಡೆಲ್ಬರ್ಟ್ ಅಂಗಡಿಯ ಕೋಳಿ ಕಾಳಿನ ಮೂಟೆಗಳ ಮೇಲೆ ಹತ್ತಿ ಕೂಗಿಬಿಟ್ಟ. ವೆಂಡೆಲ್ ಅಗ್ನಿಶಾಮಕ ಗಾಡಿಯನ್ನೇ ತಂದು ಗಂಟೆ ಬಾರಿಸುತ್ತಾ ಅವನನ್ನು ಕರೆದುಕೊಂಡು ಹೋದ. ಊರಲ್ಲಿ ಆವತ್ತು ಬೆಂಕಿ ಬೀಳದಿದ್ದದ್ದು ದೇವರ ದಯೆ.

ಮುದುಕ ಕೋವಿಯನ್ನು ಮಗು ಕೊಟ್ಟ ಹಾಗೆ ಎರಡೂ ಕೈಯಲ್ಲಿ ಕೊಟ್ಟ. ಮರದೊಳಗಿನ ಗೆರೆಗಳು ಹೊಳೆ ನೀರಿನಂತೆ ಹರಿದಿದ್ದವು. ಸನ್ನೆ ಒತ್ತಿದರೆ ದಿಮ್ಮಿ ಇಳಿಯಿತು, ಎತ್ತಿದರೆ ಏರಿತು. ಕ್ಲಕ್! ವೆಂಡೆಲ್‌ನಂಥ ವೆಂಡೆಲ್ ಟೋಪಿ ತೆಗೆದ.

“ಇದು ನಿನ್ನ ಮೈ ಅಳತೇದು. ಮರೀಬೇಡ,” ಎಂದ ಆನ್ಸೆಲ್. ಅಷ್ಟು ಉದ್ದದ ಮಾತು ಅವನು ಆಡಿದ್ದು ಯಾರೂ ಕೇಳಿರಲಿಲ್ಲ.

ಪಂದ್ಯಕ್ಕೆ ಹತ್ತು ದಿನ. ಡೆಲ್ಬರ್ಟ್ ದಿನಾ ಬೆಳಿಗ್ಗೆ ಯಾರೂ ಇಲ್ಲದ ಹಳ್ಳದ ಕಡೆ ಹೋಗಿ, ಕೋಟು ತೊಟ್ಟು, ಅಡ್ಡಗೋಲಿನ ಮೇಲೆ ಕೋವಿ ಊರಿ ಕೂತು ಹೊಡೆದ. ಜೊತೆಗೆ ಮೇವಿಸ್. ಒಂದೂ ತಾಗಲಿಲ್ಲ. ಕೋವಿಯ ಬುಡ ಕೋಟಿನ ಉಬ್ಬಿಗೆ ಸಿಕ್ಕಿಹಾಕಿಕೊಳ್ಳುತ್ತದೆ, ಕಣ್ಣು ಹಿಂದಿನ ಗುರಿತೂತಿನಿಂದ ನಾಲ್ಕು ಬೆರಳು ದೂರ ಉಳಿಯುತ್ತದೆ, ತೂತಿನಲ್ಲಿ ದಿಬ್ಬ ಕಾಣುವುದಿಲ್ಲ, ಬರೀ ಮಂಜು. ಗುಂಡು ಒಮ್ಮೆ ಹಳ್ಳಕ್ಕೆ, ಒಮ್ಮೆ ಆಕಾಶಕ್ಕೆ.

“ಮರ ಒಂಚೂರು ಡೊಂಕು ಅನ್ಸುತ್ತೆ,” ಎಂದ ಡೆಲ್ಬರ್ಟ್.

“ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ. ಕೋಟು ಬಿಚ್ಚಿ ನೋಡೋ!”

“ಕೋಟಿನ ಮೇಲೇ ಅಳತೆ ತಗೊಂಡಿದ್ದಾನಲ್ಲೇ. ಬಿಚ್ಚಿದ್ರೆ ಇನ್ನೂ ಕೆಡುತ್ತೆ. ಅಲ್ದೇ ಯಾರಾದ್ರೂ ನೋಡಿದ್ರೆ? ನಿಮ್ಮಣ್ಣ ನೋಡಿದ್ರೆ?” ಬಿಸಿ ತುಪ್ಪ ಬಾಯಲ್ಲಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಡೆಲ್ಬರ್ಟ್ ಬೆವರು ಒರೆಸಿಕೊಂಡು ಮತ್ತೊಂದು ತೋಟೆ ತುಂಬಿದ.

ಪಂದ್ಯದ ದಿನ ಬಂತು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತೆಂಟು ಡಿಗ್ರಿ ಬಿಸಿಲು. ಎರಡೂ ಊರು ಬೀಗ ಹಾಕಿಕೊಂಡು ಬಂದಿದ್ದವು. ಮಡಚುವ ಕುರ್ಚಿಗಳು, ನಿಂಬೆ ಷರಬತ್ತು, ಅಗ್ನಿಶಾಮಕ ದಳದವರ ಪ್ಯಾನ್‌ಕೇಕು. ಮನೆ ಬಿಟ್ಟು ಕದಲದ ಆನ್ಸೆಲ್ ಕೂಡ ಒಂದು ಛತ್ರಿಯ ಕೆಳಗೆ ಬಂದು ಕೂತಿದ್ದ. ತೀರ್ಪುಗಾರ್ತಿ ಮಿಸ್ ಪ್ರೂಯಿಟ್, ಎರಡೂ ಊರಿನ ಎಲ್ಲರಿಗೂ ಅಕ್ಷರ ಕಲಿಸಿದ ನಿವೃತ್ತ ಟೀಚರು. ಅರವತ್ತು ವರ್ಷದ ರೈತರೂ ಅವರ ಹತ್ತಿರ ಮಾತಾಡಬೇಕಾದರೆ ಮೊದಲು ಕೈ ಎತ್ತುತ್ತಿದ್ದರು.

ಡೆಲ್ಬರ್ಟ್ ಕೋಟು ತೊಟ್ಟು ಗಾಡಿಯಿಂದ ಇಳಿದ. ಎದುರಿಗೆ ನೋಡಿದರೆ, ಡ್ರೈಫೋರ್ಕ್‌ನ ಐವರೂ ಚಳಿಗಾಲದ ಕೋಟು ತೊಟ್ಟು ನಿಂತಿದ್ದಾರೆ! ಹೋಬಾರ್ಟ್ ಮಫ್ಲರನ್ನೂ ಸುತ್ತಿಕೊಂಡಿದ್ದ. ಎರಡು ವರ್ಷ ಎಲ್ಕ್‌ಬೋನ್‌ನ ಗುಟ್ಟಿನ ಮೇಲೆ ಕಣ್ಣಿಟ್ಟು, ಈ ಸಲ ಅದನ್ನು ಕದ್ದೇ ಬಂದಿದ್ದರು.

“ನೋಡಿದ್ಯಾ, ಕಳ್ಳರು!” ಎಂದು ಹಲ್ಲು ಕಡಿದ ವೆಂಡೆಲ್. ಅವನೂ ತಂಡದ ಉಳಿದ ಮೂವರೂ ತಮ್ಮ ಗಾಡಿಗಳಿಂದ ಕೋಟು ತೆಗೆದು ತೊಟ್ಟರು. ಒಂದು ಕೋತಿ ಕೆಟ್ಟರೆ ವನವನ್ನೆಲ್ಲ ಕೆಡಿಸುತ್ತದಂತೆ. ಹತ್ತು ಗಂಡಸರು ಬೆಂಕಿಯಂಥ ಬಿಸಿಲಲ್ಲಿ ಉಣ್ಣೆ ಹೊದ್ದು, ಒಬ್ಬರನ್ನೊಬ್ಬರು ಗಂಭೀರವಾಗಿ ನೋಡುತ್ತಾ ನಿಂತರು.

ಒಬ್ಬೊಬ್ಬರಿಗೆ ಎರಡು ಗುಂಡು, ಒಂದೊಂದು ಗುಂಡಿಗೆ ಮೂರು ನಿಮಿಷ. ಎಂಟುನೂರು ಗಜ ಎಂದರೆ ಹೊಡೆದ ಮೇಲೆ ಐದು ಎಣಿಸಬೇಕು. ಗುಂಡು ಹೋಗಬೇಕು, ತಾಗಿದ ಸದ್ದು ವಾಪಸ್ಸು ಬರಬೇಕು. ತಾಗಿದರೆ ಠಣ್. ಇಲ್ಲದಿದ್ದರೆ ಮೌನ.

ಆ ದಿನ ಮೌನವೇ ಜಾಸ್ತಿ. ಪ್ರತಿ ವರ್ಷ ಹತ್ತಕ್ಕೆ ಒಂಬತ್ತು ಹೊಡೆಯುತ್ತಿದ್ದ ಡ್ರೈಫೋರ್ಕ್ ನಾಲ್ಕಕ್ಕೆ ನಿಂತಿತು. ಅವರಲ್ಲೊಬ್ಬ ಕುದುರೆ ಎಳೆಯುವ ಮೊದಲೇ ತಾನೇ ಮಗುಚಿಕೊಂಡ, ನರ್ಸು ಬಕೆಟ್ ನೀರು ಸುರಿದಳು. ಆದರೂ ಕೋಟಿನ ಮೇಲೆ ಸಂಶಯಪಡುವ ಧೈರ್ಯ ಯಾರಿಗೂ ಇಲ್ಲ. “ನಮಗೆ ಇನ್ನೂ ಅಭ್ಯಾಸ ಸಾಲದು,” ಎಂದ ಹೋಬಾರ್ಟ್, ಬೂಟಿನಿಂದ ಬೆವರು ಬಸಿಯುತ್ತಾ. ಎಲ್ಕ್‌ಬೋನ್‌ನ ಮೊದಲ ಮೂವರು ಹೇಗೋ ನಾಲ್ಕು ಹೊಡೆದರು. ವೆಂಡೆಲ್ ಕೂತ. ಬೆವರು ಕಣ್ಣಿಗಿಳಿದು ಎರಡು ಗುಂಡೂ ಮೌನ. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿ. ಅವನ ತಾಯಿ ಕುರ್ಚಿಯಲ್ಲಿ ಕೂತು ಬೆರಳು ಮಡಿಸಿ ಎಣಿಸಿದ್ದನ್ನು ಅವನು ನೋಡಲಿಲ್ಲ.

ನಾಲ್ಕು, ನಾಲ್ಕು. ಉಳಿದವನು ಡೆಲ್ಬರ್ಟ್.

ಅವನು ಕೂತ. ಅಡ್ಡಗೋಲಿನ ಮೇಲೆ ಕೋವಿ ಇಟ್ಟ. ಕ್ಲಕ್. ಎರಡೂ ಊರು ಉಸಿರು ಬಿಗಿಹಿಡಿದವು. ಡಮಾರ್! ಬಿಳಿ ಹೊಗೆ. ಒಂದು, ಎರಡು, ಮೂರು, ನಾಲ್ಕು, ಐದು. ಆರು. ಏಳರ ಹೊತ್ತಿಗೆ ದಿಬ್ಬಕ್ಕೆ ಇನ್ನೂರು ಗಜ ಈಚೆ ಮೇಯುತ್ತಿದ್ದ ಒಂದು ಹಸು ತಲೆಯೆತ್ತಿ ನೋಡಿ, ತನಗಲ್ಲವೆಂದು ತಿಳಿದು ಮತ್ತೆ ಮೇಯತೊಡಗಿತು.

“ಕೊನೇ ಗುಂಡು. ಮೂರು ನಿಮಿಷ,” ಎಂದರು ಮಿಸ್ ಪ್ರೂಯಿಟ್, ಗಡಿಯಾರ ಒತ್ತಿ.

ಮೇವಿಸ್ ಷರಬತ್ತಿನ ಲೋಟ ಹಿಡಿದು ಓಡಿ ಬಂದಳು. ಅವನ ಮುಖ ಬೇಯಿಸಿದ ಬೀಟ್‌ರೂಟಿನ ಹಾಗಿತ್ತು.

“ಕೋಟು ಬಿಚ್ಚು.”

“ಆಗಲ್ಲ ಮೇವಿಸ್.”

“ಮಾನ ಹೋಗುತ್ತೆ ಅಂತಾನಾ? ಹೋದ್ರೆ ಹೋಗ್ಲಿ ಕಣೋ. ನಾನು ಮದುವೆಯಾಗಿದ್ದು ನಿನ್ನನ್ನ, ಮೇಜನ್ನಲ್ಲ. ನೀನು ಯಾವ ಮೇಜಲ್ಲಿ ಕೂತ್ರೂ ಪಕ್ಕದಲ್ಲಿ ನಾನು ಬಂದು ಕೂರ್ತೀನಿ.”

ಡೆಲ್ಬರ್ಟ್‌ನ ಕಣ್ಣು ತುಂಬಿತು. “ಅದಲ್ವೇ,” ಎಂದ ಮೆಲ್ಲಗೆ. “ಜಿಪ್ಪು ಸಿಕ್ಕಾಕ್ಕೊಂಡಿದೆ.”

“ಮತ್ತೆ?”

“ಮತ್ತೆ!” ಈಗ ಅವನು ಎದ್ದು ನಿಂತ. ಎರಡು ವರ್ಷದಿಂದ ಗಂಟಲಲ್ಲಿದ್ದದ್ದು ಒಟ್ಟಿಗೆ ಹೊರಗೆ ಬಂತು. “ಕೇಳ್ರಪ್ಪಾ ಎಲ್ಲಾರೂ! ಗುಟ್ಟೂ ಇಲ್ಲ, ಗಿಟ್ಟೂ ಇಲ್ಲ! ಆವತ್ತು ಜಿಪ್ಪು ಸಿಕ್ಕಾಕ್ಕೊಂಡಿತ್ತು, ಹೇಳೋಕೆ ನಾಚಿಕೆಯಾಗಿ ಸುಳ್ಳು ಹೇಳ್ದೆ. ಇವತ್ತೂ ಸಿಕ್ಕಾಕ್ಕೊಂಡಿದೆ. ನನಗೆ ಕೋಟೂ ಬೇಡ, ಕರೂನೂ ಬೇಡ, ಈ ಸೆಕೆ ಬೇಡ!”

ವೆಂಡೆಲ್‌ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಆದರೆ ಮೇವಿಸ್‌ಗೆ ಬಾಯಿ ತೆರೆದು ನಿಲ್ಲಲು ಪುರುಸೊತ್ತಿರಲಿಲ್ಲ. ಕುರಿ ಸಾಕುವ ಮನೆಯ ಮಗಳು ಅವಳು. ಇಪ್ಪತ್ತರ ವಯಸ್ಸಿನಲ್ಲಿ ದಿನಕ್ಕೆ ಎಂಬತ್ತು ಕುರಿಯ ತುಪ್ಪಳ ಕತ್ತರಿಸಿದ ಕೈ ಅವಳದು.

“ವೆಂಡೆಲ್! ಗಾಡೀಲಿರೋ ಕುರಿಕತ್ತರಿ ಎಸಿ!”

ವೆಂಡೆಲ್ ಚಿಕ್ಕಂದಿನ ಅಭ್ಯಾಸದಂತೆ ತಂಗಿಯ ಅಪ್ಪಣೆ ಪಾಲಿಸಿದ. ಮೇವಿಸ್ ಗಂಡನನ್ನು ಕುತ್ತಿಗೆ ಹಿಡಿದು ನೆಲಕ್ಕೆ ಕೂರಿಸಿ, ಅವನ ಬೆನ್ನನ್ನು ತನ್ನ ಮೊಣಕಾಲಿನ ನಡುವೆ ಇಟ್ಟುಕೊಂಡು, ಕತ್ತರಿಯನ್ನು ಗಲ್ಲದ ಕೆಳಗಿಂದ ಹೊಟ್ಟೆಯವರೆಗೆ ಒಂದೇ ಉಸಿರಿಗೆ ಓಡಿಸಿದಳು. ತುಪ್ಪಳ ಗಾಳಿಗೆ ಹಾರಿತು. ಹೋಬಾರ್ಟ್ ಕೈ ಎತ್ತಿದ.

“ಮಿಸ್ ಪ್ರೂಯಿಟ್! ಗುರಿಕಟ್ಟೆ ಮೇಲೆ ಕುರಿ ಕತ್ತರಿಸೋದು ಕಾನೂನಲ್ಲಿ ಇದೆಯಾ ಮಿಸ್?”

ಮಿಸ್ ಪ್ರೂಯಿಟ್ ನಿಯಮದ ಪುಸ್ತಕ ತೆರೆದು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದರು. “ಗುರಿಕಾರನ ಮೈ ಮುಚ್ಚಿರಬೇಕು ಅಂತ ಇದೆ. ಮುಚ್ಚಿದೆ. ಕೂತ್ಕೋ ಹೋಬಾರ್ಟ್. ನಲವತ್ತು ಸೆಕೆಂಡ್.”

ಮುಚ್ಚಿದ್ದೇನೋ ನಿಜ. ಕೋಟಿನ ಸಿಪ್ಪೆಯೊಳಗಿಂದ ಡೆಲ್ಬರ್ಟ್ ಮೇವಿನ ಅಂಗಡಿಯವರು ಬಿಟ್ಟಿ ಕೊಟ್ಟ, ಎದೆಯ ಮೇಲೆ ಕೋಳಿಯ ಚಿತ್ರವಿರುವ ತೆಳು ಬನಿಯನ್ನಿನಲ್ಲಿ ಹೊರಬಂದ. ಗಾಳಿ ತಾಗಿತು. ಆಹಾ! ಅವನು ಕೂತು ಕೋವಿಯನ್ನು ಭುಜಕ್ಕೆ ತಂದ. ತಂದವನು ಬೆರಗಾದ. ಬುಡ ಭುಜದ ಗುಳಿಗೆ ತಾನಾಗಿ ಬಂದು ಕೂತಿತು. ಮರ ಕೆನ್ನೆಗೆ ತಾಗಿತು. ಕಣ್ಣು ಗುರಿತೂತಿನ ಮುಂದೆ ಸರಿಯಾಗಿ ನಿಂತಿತು. ಹತ್ತು ದಿನದಿಂದ ಬರೀ ಮಂಜಿದ್ದ ಜಾಗದಲ್ಲಿ ದಿಬ್ಬ, ದಿಬ್ಬದ ಮೇಲೆ ಕೋಣ, ಕೋಣದ ಡುಬ್ಬ.

“ಹತ್ತು ಸೆಕೆಂಡ್.”

ಕ್ಲಕ್. ಡಮಾರ್!

ಹೊಗೆ. ಒಂದು. ಪಾದ್ರಿಗಳು ಕಣ್ಣು ಮುಚ್ಚಿದರು. ಎರಡು. ಮೇವಿಸ್ ಕತ್ತರಿ ಎದೆಗೆ ಒತ್ತಿಕೊಂಡಳು. ಮೂರು. ನಾಲ್ಕು. ಹಸು ಕೂಡ ಮೇಯುವುದು ನಿಲ್ಲಿಸಿತು. ಐದು.

ಠಣ್ಣ್ಣ್!

ಎಲ್ಕ್‌ಬೋನ್ ಆಕಾಶಕ್ಕೆ ಹಾರಿತು. ಟೋಪಿಗಳು, ಕುರ್ಚಿಗಳು, ಪ್ಯಾನ್‌ಕೇಕುಗಳು ಹಾರಿದವು. ಅಗ್ನಿಶಾಮಕ ಗಾಡಿಯ ಗಂಟೆ, ಸೈರನ್ನು, ನೀರಿನ ಕೊಳವೆ ಎಲ್ಲವೂ ಒಟ್ಟಿಗೆ ಶುರುವಾಗಿ ಎರಡೂ ಊರು ತೊಯ್ದು ತೊಪ್ಪೆಯಾದವು. ಡೆಲ್ಬರ್ಟ್ ಹೆಂಡತಿಯನ್ನು ಎತ್ತಿ ಸುತ್ತು ತಿರುಗಿಸಿದ. ಅವಳು ಕತ್ತರಿಯನ್ನು ಮಾತ್ರ ಜಾಗ್ರತೆಯಾಗಿ ದೂರ ಹಿಡಿದಿದ್ದಳು.

ಗದ್ದಲ ಇಳಿದ ಮೇಲೆ ಅವನು ಛತ್ರಿಯ ಹತ್ತಿರ ಹೋದ. “ಸಾರ್, ಕೋಟಿನ ಮೇಲೆ ಅಳತೆ ತಗೊಂಡ್ರಲ್ಲ, ಬಿಚ್ಚಿದ ಮೇಲೆ ಹೇಗೆ ಸರಿಹೋಯ್ತು?”

“ಕೋಟಿನ ದಪ್ಪ ಕಳೆದು ಮಾಡ್ದೆ,” ಎಂದ ಆನ್ಸೆಲ್. “ಕೋವಿ ಮೈಗೆ ಮಾಡೋದು, ಬಟ್ಟೆಗಲ್ಲ.”

“ಹಾಗಾದ್ರೆ ನಾನು ಸುಳ್ಳು ಹೇಳ್ತಿದ್ದೀನಿ ಅಂತ ಆವತ್ತೇ ಗೊತ್ತಿತ್ತಾ?”

“ನೀನು ಕಾಲು ಗಂಟೆ ಬಾಗಿಲ ಹೊರಗೆ ನಿಂತು ಜಿಪ್ಪಿನ ಜೊತೆ ಕುಸ್ತಿ ಮಾಡ್ತಿದ್ದೆ,” ಎಂದ ಮುದುಕ. “ನನ್ನ ಅಂಗಡಿಗೆ ಕಿಟಕಿ ಇದೆ.”

ಜಿಪ್ಪಿನ ಮಾತನ್ನು ಡೆಲ್ಬರ್ಟ್ ಅಷ್ಟು ಜೋರಾಗಿ ಕೂಗಿ ಹೇಳಿದ್ದನಲ್ಲ, ಅದನ್ನು ಆನ್ಸೆಲ್ ಮತ್ತು ಮೇವಿಸ್ ಬಿಟ್ಟರೆ ಒಬ್ಬರೂ ನಂಬಲಿಲ್ಲ. ಹೋಬಾರ್ಟ್ ಅಂತೂ, ಮೊದಲ ಗುಂಡನ್ನು ಬೇಕೆಂದೇ ತಪ್ಪಿಸಿ, ಮೈ ಕಾಯಿಸಿ, ಕೊನೆ ಗಳಿಗೆಯಲ್ಲಿ ಕೋಟು ಸೀಳಿ ತಣ್ಣನೆಯ ಗಾಳಿಗೆ ಮೈಯೊಡ್ಡುವುದೇ ಅಸಲಿ ಗುಟ್ಟು ಎಂದು ಪ್ರಮಾಣ ಮಾಡಿ ಹೇಳಿದ. ಡ್ರೈಫೋರ್ಕ್‌ನವರು ಐದು ಕುರಿಕತ್ತರಿ ತರಿಸಿದ್ದಾರೆ, ಅವರ ಹೆಂಡಂದಿರು ಹಳೇ ಕೋಟುಗಳ ಮೇಲೆ ಅಭ್ಯಾಸ ಮಾಡುತ್ತಿದ್ದಾರೆ ಎಂದು ಸುದ್ದಿ. ಗಂಡಂದಿರು ಮನೆಯಲ್ಲಿ ತುಂಬ ಮರ್ಯಾದೆಯಿಂದ ನಡೆದುಕೊಳ್ಳುತ್ತಿದ್ದಾರಂತೆ.

ನವೆಂಬರ್ ಬಂತು. ಕಬ್ಬಿಣದ ಕರು ಎಲ್ಕ್‌ಬೋನ್ ಠಾಣೆಯ ಮುಂದೆ ಹಿಮ ಹೊದ್ದು ನಿಂತಿತ್ತು. ವೆಂಡೆಲ್‌ನ ಮನೆಯಲ್ಲಿ ಟರ್ಕಿ ಕೋಳಿ ಹೊಗೆಯಾಡುತ್ತಿತ್ತು. ಡೆಲ್ಬರ್ಟ್ ಗುಂಡಿ ಹಾಕುವ ಹೊಸ ಕೋಟನ್ನು ಸುಲಭವಾಗಿ ಬಿಚ್ಚಿ ಗೂಟಕ್ಕೆ ತಗುಲಿಸಿದ. ವೆಂಡೆಲ್ ಎಂದಿನಂತೆ ದೊಡ್ಡ ಮೇಜಿನ ತುದಿಯ ಕುರ್ಚಿ ಎಳೆದ.

“ವೆಂಡೆಲ್,” ಎಂದಳು ಅವನ ತಾಯಿ. “ಈ ವರ್ಷ ಕೋಣಕ್ಕೆ ಎಷ್ಟು ಹೊಡೆದ್ಯಪ್ಪಾ?”

“ಅಮ್ಮಾ, ಸೆಕೆ ಇತ್ತಮ್ಮ. ಬೆವರು ಕಣ್ಣಿಗೆ...”

“ಕಾನೂನು ಯಾರದ್ದು?”

“ಅಪ್ಪಂದು.”

“ನಾನೇ ಆದ್ರೂ ಅಷ್ಟೇ ಅಂತ ಅಂದಿದ್ದು ಯಾರು?”

ಆರಡಿ ನಾಲ್ಕಂಗುಲದ ವೆಂಡೆಲ್ ಮೂರು ಸಲ ಮಡಚಿಕೊಂಡು ಕುಳ್ಳು ಮೇಜಿಗೆ ಕೂತ. ಮೊಣಕಾಲು ಕಿವಿಯ ಹತ್ತಿರ ಬಂತು. ಎಡಕ್ಕೆ ಕೂತ ಪುಟ್ಟ ಹುಡುಗಿ ಅವನ ತೊಡೆಯ ಮೇಲೆ ಬಟಾಣಿ ಚೆಲ್ಲಿದಳು. ದೊಡ್ಡ ಮೇಜಿನಲ್ಲಿ ಮೇವಿಸ್ ಮೇಜಿನ ಕೆಳಗಿಂದ ಗಂಡನ ಕಾಲಿಗೆ ಒದ್ದು, ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದಳು.

ಡೆಲ್ಬರ್ಟ್ ಕೆಟ್ಟವನಲ್ಲ. ಆದರೆ ಹದಿನೆಂಟು ವರ್ಷ ಎಂದರೆ ಹದಿನೆಂಟು ವರ್ಷ. ಅವನು ಕಾಲು ಚಾಚಿ, ಕುರ್ಚಿಗೆ ಒರಗಿ, ಮೆಲ್ಲಗೆ ಕೆಳಕ್ಕೆ ಬಗ್ಗಿ ನೋಡಿದ.

“ವೆಂಡೆಲ್,” ಎಂದ, ತುಂಬ ಪ್ರೀತಿಯಿಂದ. “ಉಪ್ಪು ಬೇಕಾ?”